ಪಿಎಚ್‌ಡಿಗೆ ಎರಡು ಕಡೆ ಸೀಟು: ಗಂಡನ ವೀಸಾ ನೋಡಿದ್ರಾ?

ಮದುವೆಯಾದ ಹೆಣ್ಣುಮಗಳಿಗೆ ಕೊಣಾಜೆಯಲ್ಲೂ ವಿದೇಶದಲ್ಲೂ ಪಿಎಚ್‌ಡಿ ಸೀಟು ಸಿಕ್ಕಿದರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ, 'ಮಗುವನ್ನು ಯಾರು ನೋಡ್ತಾರೆ?' ಕೇಳಬೇಕಾದದ್ದೇ. (ಗಲ್ಫಿಗೆ ಹೊರಟ ಗಂಡನಿಗೆ ಇದನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.)

ಊರಲ್ಲಾದರೆ ಉಮ್ಮನ ಆಸರೆ ಉಂಟು. ಜೆಆರ್‌ಎಫ್ ಇದ್ದರೆ ತಿಂಗಳಿಗೆ 37,000 ರೂಪಾಯಿ. ಯುಜಿಸಿಯ 2022ರ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಪಿಎಚ್‌ಡಿ ಮುಗಿಸಲು 2 ವರ್ಷ ಹೆಚ್ಚುವರಿ ಅವಕಾಶವಿದೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಸಿಗಬಹುದು.

ವಿದೇಶವಾದರೆ ಯೂನಿವರ್ಸಿಟಿಯ ಹೆಸರಿಗಿಂತ ಮೊದಲು ಗಂಡನ ವೀಸಾ ನೋಡಿ. ಅಮೆರಿಕಕ್ಕೆ ಎಫ್-2 ವೀಸಾದಲ್ಲಿ ಹೋದವರು ದುಡಿಯುವಂತಿಲ್ಲ. ದುಬೈ ಕೆಲಸ ಬಿಟ್ಟು ಬಂದವರು ಐದಾರು ವರ್ಷ ಮನೆಯಲ್ಲೇ ಕೂರಬೇಕು, ಒಂದೇ ಸ್ಟೈಪೆಂಡಿನಲ್ಲಿ ಮೂವರ ಖರ್ಚು ಕಳೆಯಬೇಕು. ಎಷ್ಟೋ ಸಂಸಾರಗಳಿಗೆ ಇದು ಆಗುವ ಮಾತಲ್ಲ. ಬ್ರಿಟನ್ 2024ರಲ್ಲಿ ಹೆಚ್ಚಿನ ಮಾಸ್ಟರ್ಸ್ ವಿದ್ಯಾರ್ಥಿಗಳ ಕುಟುಂಬಕ್ಕೆ ಬಾಗಿಲು ಮುಚ್ಚಿದರೂ ಪಿಎಚ್‌ಡಿಯವರಿಗೆ ತೆರೆದಿಟ್ಟಿದೆ. ಅಲ್ಲಿ ಗಂಡನೂ ದುಡಿಯಬಹುದು.

ಒಪ್ಪಿಗೆ ಕೊಡುವ ಮುಂಚೆ ಇಮೇಲ್ ಮಾಡಿ ಕೇಳಿ: ಸ್ಟೈಪೆಂಡ್ ಎಷ್ಟು ವರ್ಷ? ವಿಮೆ ಮಗುವಿಗೂ ಉಂಟಾ? ಕುಟುಂಬಕ್ಕೆ ಮನೆ ಸಿಗ್ತದಾ? ಅಮೆರಿಕದ ಹೆಚ್ಚಿನ ಯೂನಿವರ್ಸಿಟಿಗಳು ಉತ್ತರಕ್ಕೆ ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ. ಅಷ್ಟರಲ್ಲಿ ಗಂಡ, ಉಮ್ಮ, ಅತ್ತೆ ಎಲ್ಲರೂ ಕೂತು ಮಾತಾಡಬಹುದು.