ಹಲ್ಲಿಗೆ ಕ್ಲಿಪ್ ಹಾಕಿಸಿದ ಮೇಲೆ

ಬೆಳಗಾವಿಯ ವಡಗಾವಿಯಲ್ಲಿ ಬೆಳಗಾಗುವುದೇ ಮಗ್ಗದ ಸದ್ದಿನಿಂದ. ಸದ್ದು ನಿಂತಿತೆಂದರೆ ಕರೆಂಟ್ ಹೋಗಿದೆ ಎಂದೇ ಅರ್ಥ. ವ್ಯಾಪಾರಕ್ಕೆಂದು ಮಂಗಳೂರು ಕಡೆಯಿಂದ ಬಂದು ಇಲ್ಲಿನ ನೇಕಾರರ ಓಣಿಯಲ್ಲಿ ಬಾಡಿಗೆ ಮನೆ ಹಿಡಿದ ನಮಗೆ ಆ ಸದ್ದಿಗೆ ಹೊಂದಿಕೊಳ್ಳಲು ಮೂರು ತಿಂಗಳು ಬೇಕಾಯ್ತು. ನಮ್ಮ ಹದಿಮೂರರ ಮಗಳಿಗೆ ತನ್ನ ಹಲ್ಲಿನ ಕ್ಲಿಪ್ಪಿಗೆ ಹೊಂದಿಕೊಳ್ಳಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಮೇಲಿನ ಮುಂದಲ್ಲುಗಳು ಹೊರಗೆ ಬಂದಿದ್ದವು, ಒಂದು ಕೋರೆಹಲ್ಲು ಜಾಗ ಸಾಲದೆ ಮೇಲೇರಿತ್ತು. ನಗುವಾಗೆಲ್ಲ ಶಾಲು ಬಾಯಿಗೆ ಹೋಗುತ್ತಿತ್ತು. ಊರಲ್ಲಿರುವ ಅಜ್ಜಿ ಫೋನಿನಲ್ಲಿ, "ಮದುವೆ ವಯಸ್ಸು ಬರಲಿ, ಆಗ ನೋಡಿದರಾಯ್ತು" ಎನ್ನುತ್ತಿದ್ದರು. ಡಾಕ್ಟರು ಬೇರೆಯೇ ಹೇಳಿದರು. ಇದು ಬರೀ ಚಂದದ ವಿಷಯ ಅಲ್ಲ. ಒತ್ತೊತ್ತಾಗಿ ಕೂತ ಹಲ್ಲುಗಳ ನಡುವೆ ಬ್ರಶ್ ಹೋಗುವುದಿಲ್ಲ, ಹುಳುಕು ಬೇಗ ಹಿಡಿಯುತ್ತದೆ. ಮುಂದೆ ಬಂದ ಹಲ್ಲು ಬಿದ್ದಾಗ ಬೇಗ ಮುರಿಯುತ್ತದೆ. ದೊಡ್ಡವರಿಗೂ ಕ್ಲಿಪ್ ಹಾಕಬಹುದು, ಆದರೆ ದವಡೆ ಬೆಳೆಯುತ್ತಿರುವಾಗ ಕೆಲವು ಕೆಲಸ ಸಲೀಸು.

ಈ ಚಿಕಿತ್ಸೆಗೆ ಬೆಳಗಾವಿಯಲ್ಲಿ ದೂರ ಹೋಗಬೇಕಾಗಿಲ್ಲ. ಕೆಎಲ್‌ಇ ಸಂಸ್ಥೆಯ ದಂತ ವೈದ್ಯಕೀಯ ಕಾಲೇಜು 1985ರಿಂದ ಇದೆ, ಮರಾಠಾ ಮಂಡಳದ ದಂತ ಕಾಲೇಜೂ ಇದೆ, ಖಾಸಗಿ ಕ್ಲಿನಿಕ್‌ಗಳಿವೆ. ನೋಡಬೇಕಾದ್ದು ಒಂದೇ. ಬಿಡಿಎಸ್ ಆದ ಮೇಲೆ ಮೂರು ವರ್ಷ ಹಲ್ಲು ಸಾಲು ಮಾಡುವುದನ್ನೇ ಓದಿ ಎಂಡಿಎಸ್ ಮಾಡಿದವರು ಅಲ್ಲಿದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ಹಾಕಿಸಿದ ದಿನ ಮಧ್ಯಾಹ್ನದವರೆಗೆ ಏನೂ ಅನಿಸಲಿಲ್ಲ. ರಾತ್ರಿ ಶುರುವಾಯ್ತು. ಮರುದಿನ ಗಂಜಿಯ ಅಗುಳನ್ನೂ ಕಚ್ಚಲಾಗದೆ ಮಗಳು ಅತ್ತಳು. ಎದುರು ಮನೆಯ ಅಕ್ಕಾರು ನೋಡಲು ಬಂದವರು ಅವಳ ಪಕ್ಕ ಕೂತು ಹೇಳಿದ ಮಾತು ನಮಗೆ ಇನ್ನೂ ನೆನಪಿದೆ: "ಅಳಬ್ಯಾಡ ತಂಗಿ. ಹಾಸಿನ ಎಳಿ ಒಮ್ಮಿಗೇ ಜಗ್ಗಿದ್ರ ಹರೀತೈತಿ. ಸ್ವಲ್ಪ ಸ್ವಲ್ಪ ಬಿಗಿ ಮಾಡ್ಬೇಕು. ನಿನ್ನ ಡಾಕ್ಟರೂ ಹಂಗ ಮಾಡಾಕತ್ತಾರ."

ಸಂಗತಿ ಇರುವುದೂ ಹಾಗೆಯೇ. ಹಲ್ಲು ಎಲುಬಿನಲ್ಲಿ ಗಟ್ಟಿಯಾಗಿ ಹೂತ ಮೊಳೆಯಲ್ಲ, ಬೇರಿಗೂ ಎಲುಬಿಗೂ ನಡುವೆ ತೆಳುವಾದ ನಾರಿನ ಪದರವಿದೆ. ತಂತಿ ಮೆಲ್ಲಗೆ ಒತ್ತಿದಾಗ ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಹಿಂದುಗಡೆ ಹೊಸ ಎಲುಬು ತುಂಬುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಅದಕ್ಕೇ ಒಂದೂವರೆ ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು.

ನೋವು ಮೊದಲ ಒಂದೆರಡು ದಿನ ಜೋರು, ವಾರದೊಳಗೆ ಇಳಿಯುತ್ತದೆ. ಪ್ರತಿ ಸಲ ಬಿಗಿ ಮಾಡಿದಾಗ ಸ್ವಲ್ಪ ಮರಳಿ ಬರುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಕೆನ್ನೆಯ ಹುಣ್ಣಿಗೆ ಹಿತ. ತಂತಿ ತಾಗುವ ಕಡೆ ಅಂಟಿಸಲು ಕ್ಲಿನಿಕ್‌ನಲ್ಲೇ ಮೇಣ ಕೊಡುತ್ತಾರೆ, ಅದು ಶಾಲೆಯ ಚೀಲದಲ್ಲಿರಲಿ. ನೋವಿನ ಮಾತ್ರೆ ಮಾತ್ರ ಡಾಕ್ಟರನ್ನು ಕೇಳಿಯೇ ಕೊಡಿ.

ಊಟದ್ದು ದೊಡ್ಡ ಪಾಠ. ನಮ್ಮ ಕೋರಿ ರೊಟ್ಟಿಯನ್ನು ಸಾರಿನಲ್ಲಿ ಪೂರ್ತಿ ನೆನೆಸಿದರೆ ಅಡ್ಡಿಯಿಲ್ಲ, ಕುರುಕುರು ತಿನ್ನುವಂತಿಲ್ಲ. ಇಲ್ಲಿನ ಬಿಸಿ ಜೋಳದ ರೊಟ್ಟಿ ಆಗುತ್ತದೆ, ಕಡಕ್ ರೊಟ್ಟಿ ಬೇಡ. ಮಾಂಸವನ್ನು ಮೂಳೆ ಬಿಡಿಸಿ ಸಣ್ಣಗೆ ಮಾಡಿ ಕೊಟ್ಟೆವು. ಬೆಳಗಾವಿ ಕುಂದಾ ಮೆತ್ತಗಿದೆ ನಿಜ, ಆದರೆ ಸಿಹಿ ತಿಂದ ಕೂಡಲೇ ಬಾಯಿ ತೊಳೆಯಬೇಕು. ಕ್ಲಿಪ್ಪಿನ ಸುತ್ತ ಕೊಳೆ ನಿಂತರೆ ಹಲ್ಲಿನ ಮೇಲೆ ಬಿಳಿ ಕಲೆ ಏಳುತ್ತದೆ, ಕ್ಲಿಪ್ ತೆಗೆದ ಮೇಲೂ ಅದು ಉಳಿಯಬಹುದು. ಪ್ರತಿ ಊಟದ ನಂತರ ಬ್ರಶ್, ತಂತಿಯಡಿಗೆ ತೂರುವ ಪುಟ್ಟ ಬ್ರಶ್ ಬೇರೆ. ರಮಝಾನಿನಲ್ಲಿ ಸಹರಿ ಮುಗಿಸಿ ಚೆನ್ನಾಗಿ ಉಜ್ಜಿಕೊಂಡರೆ ಹಗಲಿಡೀ ಬಾಯಿ ಹಗುರ. ಮಿಸ್ವಾಕ್ ಮಾಡುವವರು ಮಾಡಲಿ, ತಂತಿಯ ಸಂದಿಗೆ ಅದೊಂದೇ ಸಾಲದು. ಬಿಗಿ ಮಾಡಿಸುವ ದಿನವನ್ನೂ ಉಪವಾಸ ನೋಡಿಕೊಂಡು ಮೊದಲೇ ಗೊತ್ತು ಮಾಡಿಕೊಳ್ಳಬಹುದು.

ಇಷ್ಟೆಲ್ಲ ತಿಳಿದ ಮೇಲೂ ನಾವು ಎಡವಿದೆವು.

ನಾಲ್ಕನೇ ತಿಂಗಳು ಬಾಯಿ ತೆರೆಸಿದ ಡಾಕ್ಟರು ಸುಮ್ಮನಾದರು. ಎರಡು ಬ್ರಾಕೆಟ್ ಕಿತ್ತು ಬಂದು ತಂತಿಯಲ್ಲಿ ಜೋತಾಡುತ್ತಿದ್ದವು. ಎಂದಿನಿಂದ ಎಂದು ಕೇಳಿದರೆ ಮಗಳ ಬಾಯಿಂದ ಮಾತಿಲ್ಲ. ಮನೆಗೆ ಬಂದ ಮೇಲೆ ಗೊತ್ತಾಯ್ತು. ಮೂರು ವಾರದ ಹಿಂದೆ ಗೆಳತಿಯ ಜೊತೆ ಅವಳ ಹೊಲಕ್ಕೆ ಹೋದವಳು ಎಲ್ಲರಂತೆ ಕಬ್ಬು ಸಿಗಿದು ತಿಂದಿದ್ದಳು. ಆ ಎರಡು ಹಲ್ಲು ಅಷ್ಟು ದಿನವೂ ಮುಂದೆ ಸಾಗದೆ ಹಿಂದೆ ಬಿದ್ದಿದ್ದವು.

"ಯಾಕೆ ಹೇಳಲಿಲ್ಲ ಮಗಳೇ?" ಎಂದು ಕೇಳಿದೆವು. ತಲೆ ತಗ್ಗಿಸಿಯೇ ಹೇಳಿದಳು: "ಉಮ್ಮಾ, ಇನ್ನೆಷ್ಟು ಖರ್ಚಿದೆಯೋ ಅಂತ ನೀವಿಬ್ಬರು ರಾತ್ರಿ ಮಾತಾಡೋದು ಕೇಳಿತು. ಮತ್ತೆ ದುಡ್ಡು ಬೇಕಾಗ್ತದೆ ಅಂತ ಹೆದರಿಕೆ ಆಯ್ತು."

ನಮಗೆ ಉತ್ತರ ಹೊಳೆಯಲಿಲ್ಲ. ಕಬ್ಬು ಕಚ್ಚಿದ್ದು ಮಕ್ಕಳಾಟ. ನೋವನ್ನೂ ತಪ್ಪನ್ನೂ ಮೂರು ವಾರ ಒಳಗೇ ಇಟ್ಟುಕೊಳ್ಳುವಂತೆ ಮಾಡಿದ್ದು ನಮ್ಮ ಲೆಕ್ಕಾಚಾರ. ಆ ರಾತ್ರಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದೆವು, ಹಣ ಹೊಂದಿಸುವುದು ನಮ್ಮ ಕೆಲಸ, ಏನಾದರೂ ಆದರೆ ಅಂದೇ ಹೇಳುವುದು ನಿನ್ನ ಕೆಲಸ.

ಹಣದ ಮಾತನ್ನು ಮೊದಲ ದಿನವೇ ಕ್ಲಿನಿಕ್‌ನಲ್ಲಿ ಆಡಿ ಮುಗಿಸಬೇಕಿತ್ತು ಎಂದು ಈಗ ಅನಿಸುತ್ತದೆ. ಒಟ್ಟು ಎಷ್ಟು, ಕಂತು ಉಂಟೇ, ಬ್ರಾಕೆಟ್ ಮುರಿದರೆ ಬೇರೆ ಕೊಡಬೇಕೇ, ಕೊನೆಗೆ ಹಾಕುವ ರಿಟೇನರ್ ಇದರಲ್ಲೇ ಸೇರಿದೆಯೇ, ಇವನ್ನೆಲ್ಲ ಕೇಳಿ ಬರೆಸಿಕೊಳ್ಳಿ. ರಿಟೇನರ್ ಬಿಟ್ಟರೆ ಹಲ್ಲು ಹಳೆಯ ಜಾಗಕ್ಕೆ ಹೊರಟೇ ಬಿಡುತ್ತದೆ, ಎರಡು ವರ್ಷದ ಕಷ್ಟ ನೀರಿಗೆ ಹಾಕಿದಂತೆ. ಕ್ಲಿನಿಕ್‌ನ ಬೆಂಚಿನಲ್ಲಿ ಖಾನಾಪುರದಿಂದ ಮಗನನ್ನು ಕರೆತರುವ ತಾಯಿಯೊಬ್ಬರು ಸಿಗುತ್ತಾರೆ. ಪ್ರತಿ ಸಲ ಬಸ್ ಚಾರ್ಜು, ಮೇಲೆ ಒಂದು ದಿನದ ಕೂಲಿ ಹೋಯಿತು. ಫೀಸಿನ ಜೊತೆ ಇದನ್ನೂ ಲೆಕ್ಕ ಹಿಡಿದೇ ಶುರು ಮಾಡಬೇಕು. ಅರ್ಧದಲ್ಲಿ ನಿಲ್ಲಿಸಿದರೆ ಹಾಕಿದ ದುಡ್ಡೂ ಹೋಯಿತು, ಹಲ್ಲೂ ನೆಟ್ಟಗಾಗಲಿಲ್ಲ.

ಈಗ ಹತ್ತನೇ ತಿಂಗಳು. ಕೋರೆಹಲ್ಲು ಕೆಳಗಿಳಿದಿದೆ. ಮೊನ್ನೆ ಇನ್ನೊಂದು ಬ್ರಾಕೆಟ್ ಸಡಿಲಾಯ್ತು. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ, "ಉಮ್ಮಾ, ಇಲ್ಲಿ ನೋಡು" ಎಂದು ದೊಡ್ಡದಾಗಿ ಬಾಯಿ ತೆರೆದಳು. ಬಾಗಿಲಲ್ಲಿದ್ದ ಎದುರು ಮನೆಯ ಅಕ್ಕಾರು, "ಮತ್ತ ಕಬ್ಬು ತಿಂದಿ ಏನ?" ಎಂದು ಕೇಳಿದರು. ಮಗಳು ನಕ್ಕಳು. ಶಾಲು ಹೆಗಲ ಮೇಲೆಯೇ ಇತ್ತು.