ಗೀಗಿ ಮೇಳದ ಸವಾಲು: ಹೊಸಬರಿಗೆ ಬಾಗಿಲು ತೆರೆಯುವುದು ಹೇಗೆ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಗೆ ಗೀಗಿ ಪದ ಹೊಸತಲ್ಲ. ಆದರೆ ಅದು ಬರಿಯ ಹಾಡುಗಾರಿಕೆಯಲ್ಲ, ಒಗಟು ಕಟ್ಟುವ ಹಾಗೂ ಬಿಡಿಸುವ ಪಂದ್ಯವೂ ಹೌದು. ಶಿವನೇ ಹೆಚ್ಚೆಂದು ಸಾಧಿಸುವುದು ಹರದೇಶಿ ಪಕ್ಷ. ಶಕ್ತಿಯೇ ಹೆಚ್ಚೆಂದು ವಾದಿಸುವುದು ನಾಗೇಶಿ ಪಕ್ಷ. ದಪ್ಪು, ತುಂತುಣಿ, ತಾಳಗಳ ನಡುವೆ ಒಂದು ಮೇಳ ಸವಾಲು ಹಾಕಿದರೆ, ಎದುರು ಮೇಳ ಹಾಡಿನಲ್ಲಿಯೇ ಉತ್ತರಿಸಿ ಮರುಸವಾಲು ಒಡ್ಡಬೇಕು.

ಹೊಸಬರು ಹಿಂಜರಿಯುವುದು ಇಲ್ಲಿಯೇ. ಕಂಠವೊಂದಿದ್ದರೆ ಸಾಲದು, ಪುರಾಣವೂ ತತ್ತ್ವವೂ ತಿಳಿದಿರಬೇಕು. ತುಂಬಿದ ಸಭೆಯಲ್ಲಿ ಉತ್ತರ ಹೊಳೆಯದಿದ್ದರೆ ಸೋಲು ಎಲ್ಲರೆದುರೇ ಆಗುತ್ತದೆ.

ಆದರೆ ಈ ಒಗಟುಗಳಿಗೂ ಒಂದು ಕೀಲಿಕೈ ಇದೆ. ತತ್ತ್ವಪದಗಳ ಪರಿಭಾಷೆಯಲ್ಲಿ ಮೂರೆಂದರೆ ಗುಣ, ಐದೆಂದರೆ ಇಂದ್ರಿಯ ಇಲ್ಲವೇ ಭೂತ, ಆರೆಂದರೆ ಕಾಮಕ್ರೋಧಾದಿ ವೈರಿಗಳು, ಎಂಟೆಂದರೆ ಮದ, ಒಂಬತ್ತು ಬಾಗಿಲ ಮನೆಯೆಂದರೆ ದೇಹ. ಇಷ್ಟನ್ನು ಮೊದಲೇ ಹೇಳಿಕೊಟ್ಟರೆ ಶಾಲೆಯ ಹುಡುಗಿಯೂ ‘ಒಂಬತ್ತು ಬಾಗಿಲ ಮನೆಗೆ ಐವರು ಕಾವಲು, ಒಡೆಯನಾರು?’ ಎಂದು ಸವಾಲು ಕಟ್ಟಬಲ್ಲಳು.

ಮುಂದಿನ ಮೆಟ್ಟಿಲುಗಳೂ ಕಷ್ಟದವಲ್ಲ. ಮೊದಲು ಹಿಮ್ಮೇಳದಲ್ಲಿ ದನಿಗೂಡಿಸಬೇಕು. ಮನೆಯಲ್ಲಿ ಅಜ್ಜಿಯರು ಹೇಳುವ ಒಡಪುಗಳನ್ನು ಧಾಟಿಗೆ ಹೊಂದಿಸಬೇಕು. ಆರಂಭದ ಸ್ಪರ್ಧೆಗಳಲ್ಲಿ ವಿಷಯವನ್ನು ಮುಂಚಿತವಾಗಿ ತಿಳಿಸಬೇಕು. ಹಿರಿಯರು ತಮ್ಮ ಹಾಡಿನ ವಹಿಗಳನ್ನು ಬಚ್ಚಿಡದೆ ಶಿಷ್ಯರ ಮುಂದೆ ಬಿಚ್ಚುವುದು ಎಲ್ಲಕ್ಕಿಂತ ಮುಖ್ಯ.

1930ರ ದಶಕದಲ್ಲಿ ಹಲಸಂಗಿಯ ಗೆಳೆಯರು ಲಾವಣಿಗಳನ್ನು ಸಂಗ್ರಹಿಸಿ ‘ಜೀವನ ಸಂಗೀತ’ವೆಂಬ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಪುಸ್ತಕ ಪದವನ್ನು ಉಳಿಸೀತು; ಸವಾಲು ಉಳಿಯಬೇಕಾದರೆ ಎದುರಿಗೆ ಉತ್ತರ ಕೊಡುವವರು ಬೇಕು.