ನಿಮಗಿದು ಗೊತ್ತೆ? ಜಲಪಾತ ಕಟ್ಟಿಸಿದ ಗಿರಣಿ ಊರು

ಸ್ಕಾಟ್‌ಲೆಂಡಿನ ನ್ಯೂ ಲನಾರ್ಕ್ ಎಂಬ ಪುಟ್ಟ ಊರು ಹುಟ್ಟಿದ್ದೇ ಹತ್ತಿ ಗಿರಣಿಗಾಗಿ. ಕೊರಾ ಲಿನ್ ಮೊದಲಾದ ಜಲಪಾತಗಳಲ್ಲಿ ಧುಮ್ಮಿಕ್ಕಿ ಬರುವ ಕ್ಲೈಡ್ ನದಿಯ ರಭಸ ನೋಡಿಯೇ ಡೇವಿಡ್ ಡೇಲ್ 1785ರಲ್ಲಿ ಇಲ್ಲಿ ಕಟ್ಟಡ ಎಬ್ಬಿಸತೊಡಗಿದ. ನೂಲುವ ಯಂತ್ರಗಳನ್ನು ತಿರುಗಿಸಿದ್ದು ನೀರಿನ ಚಕ್ರಗಳು.

1800ರಲ್ಲಿ ಗಿರಣಿಯ ಉಸ್ತುವಾರಿ ಅವನ ಅಳಿಯ ರಾಬರ್ಟ್ ಓವೆನ್ ಕೈಗೆ ಬಂತು. ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ಆತ ನಿಲ್ಲಿಸಿದ. 1816ರಲ್ಲಿ ಎಳೆಯ ಮಕ್ಕಳಿಗೂ ಶಾಲೆ ತೆರೆದ. ಕೆಲಸಗಾರರನ್ನು ಹೊಡೆಯುವಂತಿರಲಿಲ್ಲ. ಬದಲಿಗೆ ಪ್ರತಿಯೊಬ್ಬರ ಪಕ್ಕದಲ್ಲಿ ನಾಲ್ಕು ಮುಖದ ಮರದ ತುಂಡೊಂದು ತೂಗುತ್ತಿತ್ತು. ಹಿಂದಿನ ದಿನದ ನಡವಳಿಕೆ ಕೆಟ್ಟದಾಗಿದ್ದರೆ ಕಪ್ಪು ಮುಖ ಎದುರಿಗೆ, ಸಾಧಾರಣವಾದರೆ ನೀಲಿ, ಚೆನ್ನಾಗಿದ್ದರೆ ಹಳದಿ, ಅತ್ಯುತ್ತಮವಾದರೆ ಬಿಳಿ. ಬೆತ್ತಕ್ಕಿಂತ ವಾಸಿಯೇ; ಆದರೂ ದಿನವಿಡೀ ಎಲ್ಲರ ಕಣ್ಣಿಗೆ ಬೀಳುವ ಆ ಕಪ್ಪು ಬಣ್ಣ ಸಣ್ಣ ಶಿಕ್ಷೆಯೇನಲ್ಲ!

ಗಿರಣಿ 1968ರಲ್ಲಿ ಮುಚ್ಚಿತು. 2001ರಲ್ಲಿ ಊರು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಜಲಪಾತದ ನೀರಿಗಂತೂ ಬಿಡುವಿಲ್ಲ: 1927ರಿಂದ ಅದರ ದೊಡ್ಡ ಪಾಲು ಕೊಳವೆಗಳಲ್ಲಿ ಹರಿದು ವಿದ್ಯುತ್ ತಯಾರಿಸುತ್ತಿದೆ.